ಕಂಪಾಸ್ ಡಬ್ಬಿಯಲ್ಲಿದ್ದ ಉಣ್ಣೆಯ ದಾರ

ಮೂರನೇ ತರಗತಿಯಲ್ಲಿ ಓದುತ್ತಿದ್ದ ಎಂಟೂವರೆ ವರ್ಷದ ಬಾಲಕಿಯೊಬ್ಬಳನ್ನು ಅವಳ ತಾಯಿ ಮತ್ತು ಅಜ್ಜಿ ನವೆಂಬರ್ ತಿಂಗಳಲ್ಲಿ ನನ್ನ ಬಳಿಗೆ ಕರೆತಂದರು. ಪೋಷಕರ ಒಪ್ಪಿಗೆ ಪಡೆದು, ಗುರುತು ಸಿಗುವಂಥ ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಬಾಲಕಿಯನ್ನು ಇಲ್ಲಿ ಮಲ್ಲಿ ಎಂದು ಕರೆಯುತ್ತೇನೆ. ಮೂರು ವಾರಗಳಿಂದ ಅವಳ ಊಟದ ಡಬ್ಬಿ ಅರ್ಧಕ್ಕರ್ಧ ಹಾಗೆಯೇ ವಾಪಸು ಬರುತ್ತಿತ್ತು. ಆಟದ ಪೀರಿಯಡ್ ಇರುವ ದಿನ ಬೆಳಿಗ್ಗೆ ತಪ್ಪದೆ ಹೊಟ್ಟೆನೋವು ಕಾಣಿಸಿಕೊಳ್ಳುತ್ತಿತ್ತು. ಮಕ್ಕಳ ವೈದ್ಯರು ಪರೀಕ್ಷಿಸಿ, ದೇಹದಲ್ಲಿ ಯಾವ ತೊಂದರೆಯೂ ಇಲ್ಲವೆಂದು ಹೇಳಿ ಆಪ್ತಸಲಹೆಗೆ ಕಳುಹಿಸಿದ್ದರು.

ಮೊದಲ ಭೇಟಿಯಲ್ಲಿ ಮಲ್ಲಿ ಹೆಚ್ಚೇನೂ ಮಾತನಾಡಲಿಲ್ಲ. ಎರಡನೆಯ ಭೇಟಿಯಲ್ಲಿ ಚಿತ್ರ ಬರೆಯಲೆಂದು ತನ್ನ ಕಂಪಾಸ್ ಡಬ್ಬಿಯನ್ನು ತೆರೆದಾಗ, ರಬ್ಬರಿನ ಕೆಳಗೆ ಮಡಿಸಿಟ್ಟಿದ್ದ ಒಂದು ತುಂಡು ಕೆಂಪು ಉಣ್ಣೆಯ ದಾರ ನನ್ನ ಕಣ್ಣಿಗೆ ಬಿತ್ತು. ಅದರಲ್ಲಿ ಮೂರು ಗಂಟುಗಳಿದ್ದವು. ಏನಿದು ಎಂದು ಕೇಳಿದ್ದಕ್ಕೆ ಅವಳು ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ ಎಡಗೈಯ ತೋಳನ್ನು ಮೇಲೆ ಸರಿಸಿ ದಾರವನ್ನು ರಟ್ಟೆಗೆ ಸುತ್ತಿ ತೋರಿಸಿದಳು. ದಿನವೂ ರಾತ್ರಿ ಮಲಗುವ ಮುನ್ನ ಹೀಗೆ ಅಳೆಯುತ್ತಿದ್ದಳಂತೆ. ದಾರದ ತುದಿ ಮೂರನೆಯ ಗಂಟನ್ನು ಮುಟ್ಟಿದರೆ ಆ ದಿನ ತಾನು ದಪ್ಪವಾಗಿಲ್ಲ ಎಂದು ಅವಳ ಲೆಕ್ಕ. "ಮುಟ್ಟದಿದ್ದರೆ ನಾಳೆ ಚಪಾತಿ ಬೇಡ, ಮೇಡಂ" ಎಂದಳು. ಎಂಟೂವರೆ ವರ್ಷದ ಮಗು ಈ ಮಾತನ್ನು ಅಷ್ಟು ಸಹಜವಾಗಿ ಹೇಳಿದ್ದು ನನಗೆ ಬಹಳ ನೋವುಂಟುಮಾಡಿತು.

ನಡೆದ ಸಂಗತಿ ತಾಯಿಯಿಂದಲೂ ಅನಂತರ ಶಾಲೆಯಿಂದಲೂ ತಿಳಿಯಿತು. ಅಕ್ಟೋಬರಿನಲ್ಲಿ ಶಾಲೆಯಲ್ಲಿ ದೈಹಿಕ ಸಾಮರ್ಥ್ಯದ ಪರೀಕ್ಷೆ ನಡೆದಿತ್ತು. ಫಿಟ್ ಇಂಡಿಯಾ ಆಂದೋಲನ 2019ರ ಆಗಸ್ಟ್ 29ರಂದು ಆರಂಭವಾದ ಮೇಲೆ ಇಂಥ ಪರೀಕ್ಷೆಗಳು ಹಲವು ಶಾಲೆಗಳಲ್ಲಿ ನಡೆಯುತ್ತಿವೆ. ಐದರಿಂದ ಎಂಟು ವರ್ಷದ ಮಕ್ಕಳಿಗೆ ಅದರಲ್ಲಿ ಇರುವುದು ಮೂರೇ ಅಂಶಗಳು: ಎತ್ತರ ಮತ್ತು ತೂಕದಿಂದ ಬಿಎಂಐ (ಎತ್ತರಕ್ಕೆ ತಕ್ಕ ತೂಕವಿದೆಯೇ ಎಂದು ತೋರಿಸುವ ಅಂಕಿ) ಲೆಕ್ಕ ಹಾಕುವುದು, ಒಂಟಿಕಾಲಿನಲ್ಲಿ ನಿಂತು ಸಮತೋಲನ ಕಾಯ್ದುಕೊಳ್ಳುವುದು, ಎರಡು ತಟ್ಟೆಗಳನ್ನು ಕೈಯಿಂದ ವೇಗವಾಗಿ ಮುಟ್ಟುವುದು. ಪರೀಕ್ಷೆಯ ಉದ್ದೇಶದಲ್ಲಿ ತಪ್ಪಿಲ್ಲ. ಆದರೆ ಆ ದಿನ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ತೂಕವನ್ನೂ ಗಟ್ಟಿಯಾಗಿ ಕೂಗಿ ಹೇಳಿ ಇನ್ನೊಬ್ಬರಿಂದ ಬರೆಸಲಾಯಿತು. ಇಡೀ ತರಗತಿಯಲ್ಲಿ ಮಲ್ಲಿಯ ಅಂಕಿಯೇ ದೊಡ್ಡದಾಗಿತ್ತು: 31.4 ಕಿಲೋಗ್ರಾಂ. ಮರುದಿನದಿಂದ ಕೆಲವು ಮಕ್ಕಳು ಅವಳನ್ನು "ಮೂವತ್ತೊಂದು" ಎಂದು ಕರೆಯತೊಡಗಿದರು. ಒಂಟಿಕಾಲಿನ ಪರೀಕ್ಷೆಯಲ್ಲಿ ಅವಳು ತರಗತಿಯ ಬಹುಪಾಲು ಮಕ್ಕಳಿಗಿಂತ ಚೆನ್ನಾಗಿ ಮಾಡಿದ್ದಳೆಂಬುದನ್ನು ಯಾರೂ ಕೂಗಿ ಹೇಳಿರಲಿಲ್ಲ.

ಶಾಲೆಯಿಂದ ಬಂದ ಚೀಟಿಯಲ್ಲಿ ಎತ್ತರ 128 ಸೆಂಟಿಮೀಟರ್, ಬಿಎಂಐ 19.2 ಎಂದಿತ್ತು. ತಾಯಿ ಗಾಬರಿಯಾಗಿ ತುಪ್ಪವನ್ನೂ ಸಂಜೆಯ ತಿಂಡಿಯನ್ನೂ ನಿಲ್ಲಿಸಿದರು. ಅಜ್ಜಿ ಮೊಮ್ಮಗಳ ಮುಖ ನೋಡಲಾರದೆ ಸೆರಗಿನ ಮರೆಯಲ್ಲಿ ಚಕ್ಕುಲಿ ಕೊಡುತ್ತಿದ್ದರು. ಹೀಗೆ ತಿನ್ನುವುದೆಂದರೆ ಕದ್ದು ಮಾಡುವ ಕೆಲಸ ಎಂಬ ಭಾವನೆ ಮಗುವಿನಲ್ಲಿ ಬೆಳೆಯಿತು. ಆದರೆ ಮಕ್ಕಳ ವೈದ್ಯರ ಬಳಿ ಬೆಳಗಿನ ಹೊತ್ತು, ಶೂ ಬಿಚ್ಚಿಸಿ ಅಳೆದಾಗ ತೂಕ 30 ಕಿಲೋಗ್ರಾಂ, ಎತ್ತರ 132 ಸೆಂಟಿಮೀಟರ್ ಬಂದಿತ್ತು. ಈ ಅಂಕಿಗಳಿಂದ ಬಿಎಂಐ 17.2 ಆಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೊರತಂದ, 5ರಿಂದ 19 ವರ್ಷದವರ ಬೆಳವಣಿಗೆಯ ಪಟ್ಟಿಯಲ್ಲಿ ಈ ವಯಸ್ಸಿನ ಹುಡುಗಿಗೆ 19.2 ಎಂದರೆ ಅಧಿಕ ತೂಕದ ಗೆರೆ ದಾಟಿದಂತೆ, 17.2 ಎಂದರೆ ಆರೋಗ್ಯಕರ ಮಿತಿಯ ಒಳಗೆ. ಹಿಂದಿನ ವರ್ಷದ ಆರೋಗ್ಯ ತಪಾಸಣೆಯ ಕಾರ್ಡಿನಲ್ಲಿ 126 ಸೆಂಟಿಮೀಟರ್ ಮತ್ತು 27 ಕಿಲೋಗ್ರಾಂ ಇತ್ತು; ವರ್ಷಕ್ಕೆ ಆರು ಸೆಂಟಿಮೀಟರ್, ಮೂರು ಕಿಲೋಗ್ರಾಂ ಬೆಳೆಯುವುದು ಈ ವಯಸ್ಸಿಗೆ ಸಹಜವಾದದ್ದೇ. ಮಲ್ಲಿಯ ತೂಕ ತರಗತಿಯಲ್ಲಿ ಎಲ್ಲರಿಗಿಂತ ಹೆಚ್ಚಾಗಿದ್ದುದಕ್ಕೆ ಮುಖ್ಯ ಕಾರಣ, ಅವಳು ತರಗತಿಯಲ್ಲಿ ಎಲ್ಲರಿಗಿಂತ ಎತ್ತರವಾಗಿದ್ದುದು.

ನಾಲ್ಕು ಸೆಂಟಿಮೀಟರ್ ಎಲ್ಲಿ ಹೋಯಿತು ಎಂಬುದು ಶಾಲೆಗೆ ಹೋದ ದಿನ ತಿಳಿಯಿತು. ಗೋಡೆಯ ಬುಡದಲ್ಲಿ ತೇವಕ್ಕೆ ಸುಣ್ಣ ಉದುರಿದ್ದರಿಂದ, ಎತ್ತರ ಅಳೆಯುವ ಕಾಗದದ ಪಟ್ಟಿಯನ್ನು ನೆಲದಿಂದ ನಾಲ್ಕು ಬೆರಳು ಮೇಲಕ್ಕೆ ಅಂಟಿಸಿದ್ದರು. ದೈಹಿಕ ಶಿಕ್ಷಣದ ಮೇಷ್ಟ್ರು ಕಠಿಣ ಮನಸ್ಸಿನವರಲ್ಲ. ನಲವತ್ತು ನಿಮಿಷದಲ್ಲಿ ನಲವತ್ತಾರು ಮಕ್ಕಳನ್ನು ಅಳೆದು ಮುಗಿಸಬೇಕಾದ ಒತ್ತಡ ಅವರ ಮೇಲಿತ್ತು. ಪಟ್ಟಿಯನ್ನು ತೋರಿಸಿದಾಗ ಅವರೇ ಅದನ್ನು ಕಿತ್ತು, ಬೇರೆ ಗೋಡೆಗೆ ನೆಲದಿಂದಲೇ ಸರಿಯಾಗಿ ಅಂಟಿಸಿದರು. ಪಕ್ಕದಲ್ಲಿ ದೊಡ್ಡವರ ಬಿಎಂಐ ಪಟ್ಟಿಯೊಂದನ್ನೂ ತೂಗುಹಾಕಲಾಗಿತ್ತು. ಅದನ್ನು ತೆಗೆಯಲು ಕೋರಿದೆ. ಎಂಟು ವರ್ಷದ ಆರೋಗ್ಯವಂತ ಮಕ್ಕಳ ಬಿಎಂಐ ಸಾಮಾನ್ಯವಾಗಿ 16ರ ಆಸುಪಾಸಿನಲ್ಲಿರುತ್ತದೆ. ದೊಡ್ಡವರಿಗೆಂದು ಮಾಡಿದ 18.5ರ ಗೆರೆಯನ್ನು ಅವರಿಗೆ ಹಚ್ಚಿದರೆ ತರಗತಿಯ ಬಹುತೇಕ ಮಕ್ಕಳು ತೂಕ ಸಾಲದವರಾಗಿಬಿಡುತ್ತಾರೆ.

ಮೇಷ್ಟ್ರಿಗೆ ಕೊಟ್ಟ ಸಲಹೆ ಇಷ್ಟು. ಅಳತೆಯನ್ನು ಬೆಳಗಿನ ಹೊತ್ತು, ಶೂ ಬಿಚ್ಚಿಸಿ, ತಲೆಯ ಮೇಲೆ ಕಟ್ಟಿದ ಜುಟ್ಟಿದ್ದರೆ ಸಡಿಲಿಸಿ, ಹಿಮ್ಮಡಿ ಗೋಡೆಗೆ ತಾಗುವಂತೆ ನಿಲ್ಲಿಸಿ, ಒಬ್ಬೊಬ್ಬರನ್ನೇ ಒಳಗೆ ಕರೆದು ಮಾಡಬೇಕು. ಅಂಕಿಯನ್ನು ಮುಚ್ಚಿದ ಲಕೋಟೆಯಲ್ಲಿ ಪೋಷಕರಿಗೆ ಕಳುಹಿಸಬೇಕು, ಮಗುವಿನ ಮುಂದೆ ಅದಕ್ಕೆ ಯಾವ ಹೆಸರನ್ನೂ ಇಡಬಾರದು. ತೂಕ ಮಾಡುವುದನ್ನೇ ಕೈಬಿಡುತ್ತೇವೆ ಎಂದು ಮುಖ್ಯೋಪಾಧ್ಯಾಯಿನಿಯವರು ಹೇಳಿದರು, ನಾನು ಒಪ್ಪಲಿಲ್ಲ. ಅದೇ ತರಗತಿಯಲ್ಲಿ ವರ್ಷದಿಂದ ಎತ್ತರವೇ ಹೆಚ್ಚದ ಒಂದು ಮಗು ಇದ್ದರೆ ಅದು ತಿಳಿಯುವುದು ಅಳತೆಯಿಂದಲೇ. ವರ್ಷಕ್ಕೆ ಎರಡು ಬಾರಿ ಸರಿಯಾಗಿ ಅಳೆದರೆ ಸಾಕು.

ಮಲ್ಲಿಯ ವಿಷಯದಲ್ಲಿ ನನಗಿದ್ದ ಪ್ರಶ್ನೆ, ದಾರವನ್ನು ಅವಳಿಂದ ತೆಗೆದುಕೊಳ್ಳಬೇಕೇ ಬೇಡವೇ ಎಂಬುದು. ತೆಗೆದುಕೊಂಡರೆ ಇನ್ನೊಂದು ದಾರ ಬರುತ್ತದೆ. ಆದ್ದರಿಂದ ಅದೇ ಬಣ್ಣದ ಉದ್ದನೆಯ ದಾರದ ಉಂಡೆಯೊಂದನ್ನು ತರಿಸಿ, ಇದರಿಂದ ಇನ್ನೇನೇನು ಅಳೆಯಬಹುದು ಎಂದು ಕೇಳಿದೆ. ಆ ದಿನ ಅಜ್ಜಿಯೂ ಒಳಗೆ ಕುಳಿತಿದ್ದರು. "ಯಾರ ಮೈಯಾದರೂ ಅವರವರ ಕೈಯಲ್ಲಿ ಎಂಟು ಗೇಣು ಕಣವ್ವ" ಎಂದು ಅವರು ಹೇಳಿದ್ದೇ ತಡ, ಮಲ್ಲಿ ಅದನ್ನು ಪರೀಕ್ಷಿಸಲು ಹೊರಟಳು. ಚಾಪೆಯ ಮೇಲೆ ಅಂಗಾತ ಮಲಗಿ, ನೆತ್ತಿಯಿಂದ ಹಿಮ್ಮಡಿಯವರೆಗೆ ದಾರ ಹಿಡಿಸಿ, ಎದ್ದು ತನ್ನ ಗೇಣಿನಿಂದ ಅಳೆದಳು: ಎಂಟು ಗೇಣು, ಮೇಲೆ ಎರಡು ಬೆರಳು. ಅಜ್ಜಿಯದು ಅವರ ಕೈಯಲ್ಲಿ ಎಂಟಕ್ಕೆ ಸ್ವಲ್ಪ ಕಡಿಮೆ, ನನ್ನದೂ ನನ್ನ ಕೈಯಲ್ಲಿ ಹೆಚ್ಚುಕಡಿಮೆ ಅಷ್ಟೇ. ಎರಡೂ ಕೈ ಚಾಚಿ ಮಾರು ಅಳೆದಾಗ ಅದು ಅವಳ ಎತ್ತರಕ್ಕೆ ಸರಿಹೊಂದಿತು. ಮೂರು ವಾರಗಳಲ್ಲಿ ಅವಳು ನಕ್ಕಿದ್ದು ಅಂದೇ ಎಂದು ತಾಯಿ ಆಮೇಲೆ ಹೇಳಿದರು.

ಮುಂದಿನ ಭೇಟಿಗಳಲ್ಲಿ ದೇಹ ಏನು ಮಾಡಬಲ್ಲದು ಎಂಬುದನ್ನು ಅಳೆಯುತ್ತ ಹೋದೆವು. ಮಣಿಕಟ್ಟಿನ ಮೇಲೆ ಬೆರಳಿಟ್ಟು ಹದಿನೈದು ಸೆಕೆಂಡು ನಾಡಿ ಎಣಿಸಿದಾಗ 22 ಬಂತು. ಎರಡು ನಿಮಿಷ ಹಗ್ಗದಾಟ ಆಡಿದ ಮೇಲೆ 36. ಕುಳಿತು ನೀರು ಕುಡಿದು ಮೂರು ನಿಮಿಷವಾದ ಮೇಲೆ 24. ನಾಲ್ಕರಿಂದ ಗುಣಿಸಿ ನಿಮಿಷದ ಲೆಕ್ಕ ತೆಗೆಯುವುದನ್ನು ಅವಳೇ ಮಾಡಿದಳು. ಕುಂಟೆಬಿಲ್ಲೆಯಲ್ಲಿ ಎಷ್ಟು ಮನೆ ದಾಟಿದಳು, ಒಂಟಿಕಾಲಿನಲ್ಲಿ ಎಷ್ಟು ಎಣಿಕೆ ನಿಂತಳು ಎಂಬುದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆಯತೊಡಗಿದಳು. ಹೋಲಿಕೆ ತನ್ನ ಹಿಂದಿನ ವಾರದೊಂದಿಗೆ ಮಾತ್ರ ಎಂಬ ನಿಯಮವನ್ನು ಇಬ್ಬರೂ ಸೇರಿ ಮಾಡಿಕೊಂಡೆವು.

ತಾಯಿಗೆ ಹೇಳಬೇಕಾದ ಮಾತು ಸ್ವಲ್ಪ ಕಷ್ಟದ್ದಾಗಿತ್ತು. ಅವರು ದಿನವೂ ಬೆಳಿಗ್ಗೆ ತೂಕದ ಯಂತ್ರದ ಮೇಲೆ ನಿಂತು ನಿಟ್ಟುಸಿರು ಬಿಡುತ್ತಿದ್ದುದನ್ನು ಮಲ್ಲಿ ನನಗೆ ಅಭಿನಯಿಸಿ ತೋರಿಸಿದ್ದಳು. ಇದನ್ನು ಕೇಳಿ ಅವರ ಕಣ್ಣಲ್ಲಿ ನೀರು ಬಂತು. ಅದು ಅವರ ತಪ್ಪೆಂದು ನಾನು ಹೇಳಲಿಲ್ಲ, ಏಕೆಂದರೆ ಮದುವೆ ಮುಂಜಿಗಳಲ್ಲಿ ಕುಶಲ ಕೇಳುವ ಮೊದಲೇ "ದಪ್ಪ ಆಗಿದೀಯ" ಎನ್ನುವ ನೆಂಟರ ನಡುವೆ ಅವರೂ ಬೆಳೆದವರು. ಯಂತ್ರವನ್ನು ಅಟ್ಟಕ್ಕೆ ಹಾಕಿ, ದಪ್ಪ ಸಣ್ಣ ಎಂಬ ಮಾತನ್ನು ಮನೆಯಲ್ಲಿ ಯಾರ ಬಗ್ಗೆಯೂ ಆಡಬೇಡಿ ಎಂದೆ. ಬೆಳೆಯುವ ಮಗುವಿಗೆ ವೈದ್ಯರು ಹೇಳದೆ ಪಥ್ಯ ಮಾಡಿಸಬಾರದು. ಮುದ್ದೆ, ಅನ್ನ, ಸೊಪ್ಪು, ಕಾಳು, ಮೊಟ್ಟೆ, ಹಾಲು, ಅಳತೆಯ ತುಪ್ಪ ಎಲ್ಲವೂ ಇರಲಿ, ರಾತ್ರಿಯೂಟವನ್ನು ಎಲ್ಲರೂ ಕೂಡಿ ಮಾಡಿ. ಚಕ್ಕುಲಿಯನ್ನು ಅಜ್ಜಿ ಎಲ್ಲರೆದುರೇ ತಟ್ಟೆಗೆ ಹಾಕಲಿ. ಈ ವಯಸ್ಸಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬಿಸಿಯಾಗುವಷ್ಟು ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದು ತೂಕ ಇಳಿಸುವ ಶಿಕ್ಷೆಯಾಗದೆ ಬೀದಿಯ ಮಕ್ಕಳೊಂದಿಗಿನ ಆಟವಾಗಲಿ. ಊಟ ಮತ್ತೆ ಕಡಿಮೆಯಾದರೆ, ತೂಕ ಇಳಿಯತೊಡಗಿದರೆ, ಉಂಡದ್ದನ್ನು ಬೇಕೆಂದೇ ವಾಂತಿ ಮಾಡುವುದು ಕಂಡರೆ ತಡಮಾಡದೆ ವೈದ್ಯರ ಬಳಿಗೆ ಹೋಗಬೇಕೆಂದೂ ತಿಳಿಸಿದೆ.

ಆರನೆಯ ಭೇಟಿಯ ಹೊತ್ತಿಗೆ ಊಟದ ಡಬ್ಬಿ ಖಾಲಿಯಾಗಿ ಬರುತ್ತಿತ್ತು, ಹೊಟ್ಟೆನೋವು ನಿಂತಿತ್ತು. ಮೂರು ಗಂಟಿನ ದಾರ ಇನ್ನೂ ಕಂಪಾಸ್ ಡಬ್ಬಿಯಲ್ಲೇ ಇದೆ. ರಾತ್ರಿ ಅಳೆಯುವುದನ್ನು ಬಿಟ್ಟಿದ್ದಾಳೆ, ಆದರೆ ಎಸೆಯಲು ಅವಳಿಗೆ ಮನಸ್ಸಿಲ್ಲ, ನಾನೂ ಒತ್ತಾಯಿಸಿಲ್ಲ. ಒಬ್ಬ ಹುಡುಗ ಈಗಲೂ ಒಮ್ಮೊಮ್ಮೆ "ಮೂವತ್ತೊಂದು" ಎನ್ನುತ್ತಾನಂತೆ. ಮೇಷ್ಟ್ರು ಅವನೊಂದಿಗೂ ಅವನ ತಂದೆಯೊಂದಿಗೂ ಮಾತನಾಡಿದ್ದಾರೆ. ಮುಂದಿನ ಅಳತೆ ಜೂನ್ ತಿಂಗಳಲ್ಲಿದೆ. ಆ ದಿನ ಕೋಣೆಯೊಳಗೆ ತನ್ನ ಜೊತೆ ಅಜ್ಜಿ ಇರಬೇಕೆಂದು ಮಲ್ಲಿ ಕೇಳಿಕೊಂಡಿದ್ದಾಳೆ, ಶಾಲೆಯವರು ಒಪ್ಪಿದ್ದಾರೆ.