ಮೆಟಾಲಿಕಾ ಟಿಕೆಟ್ಟಿನ ಅಕ್ಷರ ಮಾಸಲು ಆಲ್ಬಮ್ ಹಾಳೆಯೇ ಕಾರಣವಿರಬೇಕು

2011ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆದ, ಅಮೆರಿಕದ ಹೆವಿ ಮೆಟಲ್ ಬ್ಯಾಂಡ್ ಮೆಟಾಲಿಕಾದ ಕಾರ್ಯಕ್ರಮದ ಟಿಕೆಟ್ ಆಲ್ಬಮ್ಮಿನಲ್ಲಿಟ್ಟಲ್ಲೇ ಮಾಸುತ್ತಿದೆ, ಲ್ಯಾಮಿನೇಷನ್ ಮಾಡಿಸಲೇ ಎಂದು ಕೇಳಿದ್ದೀರಿ. ಖಂಡಿತ ಬೇಡ. ಅದು ಬಹುಶಃ ಥರ್ಮಲ್ ಕಾಗದ. ಎಟಿಎಂ ಚೀಟಿಯಲ್ಲಿರುವಂತೆ ಶಾಯಿಯಿಲ್ಲದೆ ಬರೀ ಬಿಸಿಯಿಂದ ಅಕ್ಷರ ಮೂಡಿರುತ್ತದೆ. ಲ್ಯಾಮಿನೇಷನ್ ಯಂತ್ರದ ಕಾವು ತಗುಲಿದರೆ ಇಡೀ ಟಿಕೆಟ್ ಕಪ್ಪಾಗುತ್ತದೆ. ಖಾತ್ರಿ ಬೇಕಿದ್ದರೆ ಬರಹವಿಲ್ಲದ ಮೂಲೆಯಲ್ಲಿ ಉಗುರಿನಿಂದ ಒತ್ತಿ ಗೀರಿ. ಬೂದು ಗೆರೆ ಬಂದರೆ ಥರ್ಮಲ್ಲೇ.

ಮೊದಲು ಆಲ್ಬಮ್ಮಿನ ಪ್ಲಾಸ್ಟಿಕ್ ಜೇಬಿನಿಂದ ಹೊರತೆಗೆಯಿರಿ. ಮೆತ್ತಗಿದ್ದು ಹೊಸ ರೈನ್‌ಕೋಟಿನ ವಾಸನೆ ಬರುವ ಹಾಳೆ ಪಿವಿಸಿ ಎಂಬ ಪ್ಲಾಸ್ಟಿಕ್‌ನದು. ಅದನ್ನು ಮೆದುವಾಗಿಸಲು ಸೇರಿಸಿದ ರಾಸಾಯನಿಕ ಕಾಗದಕ್ಕಿಳಿದು ಬಣ್ಣ ಅಳಿಸುತ್ತದೆ. ಸೆಲ್ಲೋಟೇಪಿನ ಅಂಟೂ ಹಾಗೆಯೇ. ಆದರೆ ಈಗಾಗಲೇ ಅಂಟಿರುವ ಟೇಪನ್ನು ಕೀಳಬೇಡಿ, ಮೇಲಿನ ಪದರವೇ ಎದ್ದು ಬಂದೀತು.

ಅದೇ ದಿನ ಸ್ಕ್ಯಾನ್ ಮಾಡಿ: 600 ಡಿಪಿಐ (ಅಂಗುಲಕ್ಕೆ ಎಷ್ಟು ಚುಕ್ಕೆ ಎಂಬ ಲೆಕ್ಕ), ಕಲರ್ ಮೋಡ್, ಟಿಫ್ (ವಿವರ ಕಳೆಯದ ಚಿತ್ರ ಮಾದರಿ) ಫೈಲ್. ಕಪ್ಪು-ಬಿಳುಪಿನಲ್ಲಿ ಮಾಡಿದರೆ ಮಸುಕು ಅಕ್ಷರ ಹೋಗಿಯೇ ಬಿಡುತ್ತದೆ. ಫೈಲನ್ನು ಗಿಂಪ್ ಎಂಬ ಉಚಿತ ಚಿತ್ರ ತಿದ್ದುವ ತಂತ್ರಾಂಶದಲ್ಲಿ ತೆರೆದು, ಚಿತ್ರದ ಕೆಂಪು, ಹಸಿರು, ನೀಲಿ ಬಣ್ಣದ ಪದರಗಳನ್ನು (ಚಾನೆಲ್) ಒಂದೊಂದಾಗಿ ನೋಡಿ. ಹಳದಿಗೆ ತಿರುಗಿದ ಅಕ್ಷರ ನೀಲಿಯಲ್ಲೇ ಹೆಚ್ಚು ಎದ್ದು ಕಾಣುತ್ತದೆ. ಅದರ ಮೇಲೆ ಲೆವೆಲ್ಸ್ (ಕಪ್ಪು-ಬಿಳುಪಿನ ಮಟ್ಟ ಬದಲಿಸುವ ಸಾಧನ) ಹೊಂದಿಸಿ. ಎಲ್ಲ ಸಾಲೂ ಮರಳುತ್ತದೆಂದು ಭರವಸೆ ಕೊಡಲಾರೆ, ಪೂರ್ತಿ ಬೆಳ್ಳಗಾದ ಕಡೆ ಆಸೆ ಕಡಿಮೆ. ಅಕ್ಷರ ಮರಳಿಸಲು ಹೇರ್ ಡ್ರೈಯರಿನ ಬಿಸಿ ಹಿಡಿಯುವ ಉಪಾಯವನ್ನು ಮೂಲ ಟಿಕೆಟ್ಟಿನ ಮೇಲೆ ದಯವಿಟ್ಟು ಪ್ರಯೋಗಿಸಬೇಡಿ.

ಕೊನೆಗೆ ಆಮ್ಲರಹಿತ ಕಾಗದದ ಲಕೋಟೆಯಲ್ಲಿಟ್ಟು, ಬಿಸಿಲು-ಸೆಕೆ ತಾಗದ ಬೀರುವಿನಲ್ಲಿಡಿ. ಮುಂದೆ ನೋಡಲಿರುವ ಬ್ಯಾಂಡ್‌ಗಳ ಟಿಕೆಟ್ಟನ್ನು ಕೈಗೆ ಬಂದ ವಾರವೇ ಸ್ಕ್ಯಾನ್ ಮಾಡಿ. ಇ-ಟಿಕೆಟ್ಟಾದರೆ ಪಿಡಿಎಫ್ ಇಳಿಸಿಕೊಳ್ಳಿ.