ಮೂಗು ಮುರಿದದ್ದು ಸ್ಕ್ರಿಪ್ಟಿನಲ್ಲಿ ಇರಲಿಲ್ಲ, ಮೇಷ್ಟ್ರೇ

ಪ್ರಿಯ ಮೇಷ್ಟ್ರೇ,

ನಿಮ್ಮ ಎರಡು ಪುಟದ ಪತ್ರ ತಲುಪಿತು. ಹೋದ ಸಂಚಿಕೆಯಲ್ಲಿ ನಾವು ರೆಸ್ಲರ್ ಬೆಕಿ ಲಿಂಚ್ ಬಗ್ಗೆ ಬರೆದದ್ದು ನಿಮಗೆ ಹಿಡಿಸಿಲ್ಲ. ಯಾರು ಗೆಲ್ಲಬೇಕು ಅಂತ ಮೊದಲೇ ಬರೆದಿಟ್ಟ ಕುಸ್ತಿಯಲ್ಲಿ ಚಾಂಪಿಯನ್ ಆಗುವುದು ಅದ್ಯಾವ ಸಾಧನೆ ಅಂತ ಕೇಳಿದ್ದೀರಿ. ನ್ಯಾಯವಾದ ಪ್ರಶ್ನೆ.

ಬರೆದಿಟ್ಟಿರುತ್ತಾರೆ, ನಿಜ. ಈ ಕುಸ್ತಿ ನಡೆಸುವ ಅಮೆರಿಕದ ಡಬ್ಲ್ಯೂಡಬ್ಲ್ಯೂಇ ಕಂಪನಿಯವರೂ ಈಗ ಅದನ್ನು ಮುಚ್ಚಿಡುವುದಿಲ್ಲ. ಕೀಚಕ ಸಾಯ್ತಾನೆ ಅಂತ ಗೊತ್ತಿದ್ದೂ ಬೆಳಗಿನ ತನಕ ಕೂತು ಆಟ ನೋಡುವವರು ನಾವು, ಹಾಗಾಗಿ ಆ ತಕರಾರು ಅಷ್ಟು ದೊಡ್ಡದಲ್ಲ. ನನಗೆ ಕುತೂಹಲ ಬೇರೆ. ಬೆಕಿ ಬದುಕನ್ನು ತಿರುಗಿಸಿದ್ದೆಲ್ಲ ಯಾರೂ ಬರೆದಿಡದ ಸಂಗತಿಗಳೇ.

ಅವರ ನಿಜವಾದ ಹೆಸರು ರೆಬೆಕಾ ಕ್ವಿನ್. 1987ರಲ್ಲಿ ಐರ್ಲೆಂಡಿನಲ್ಲಿ ಹುಟ್ಟಿದವರು. 15ನೇ ವಯಸ್ಸಿಗೇ ರಿಂಗಿಗೆ ಇಳಿದರು. 2006ರಲ್ಲಿ ಜರ್ಮನಿಯ ಪಂದ್ಯವೊಂದರಲ್ಲಿ ತಲೆಗೆ ಜೋರು ಪೆಟ್ಟು ಬಿತ್ತು. ಆಮೇಲೆ ವರ್ಷಗಟ್ಟಲೆ ಆಟದಿಂದ ದೂರ. ವಿಮಾನದಲ್ಲಿ ಗಗನಸಖಿಯಾಗಿ ದುಡಿದರು, ನಟನೆ ಕಲಿತು ಡಿಗ್ರಿ ತಗೊಂಡರು. 2013ರಲ್ಲಿ ಡಬ್ಲ್ಯೂಡಬ್ಲ್ಯೂಇ ಸೇರಿದಾಗ 26 ವರ್ಷ. ಮರುವರ್ಷ ಟಿವಿಯಲ್ಲಿ ಮೊದಲ ಸಲ ಬಂದಾಗ, ಐರಿಷ್ ಹುಡುಗಿ ಅಲ್ವಾ ಅಂತ ಐರಿಷ್ ಕುಣಿತ ಕುಣಿಸಿದರು. ಈಗ ಆ ವಿಡಿಯೋ ನೋಡಿದರೆ ನಮಗೇ ಮುಜುಗರ ಆಗುತ್ತದೆ.

2016ರಲ್ಲಿ ಕಂಪನಿಯ ವಾರದ ಟಿವಿ ಕಾರ್ಯಕ್ರಮ ಸ್ಮ್ಯಾಕ್‌ಡೌನ್‌ನ ಮೊದಲ ಮಹಿಳಾ ಚಾಂಪಿಯನ್ ಆದರೂ ಕೆಲವೇ ತಿಂಗಳಲ್ಲಿ ಬೆಲ್ಟ್ ಹೋಯಿತು. ಆಮೇಲೆ ಸುಮ್ನೆ ಮೂಲೆಗೆ ಬಿದ್ದರು. 2018ರ ಆಗಸ್ಟ್‌ನಲ್ಲಿ, ಸೋತ ಸಿಟ್ಟಿಗೆ ಗೆಳತಿ ಶಾರ್ಲೆಟ್ ಫ್ಲೇರ್ ಮೇಲೆ ಕೈಮಾಡುವ ದೃಶ್ಯ ಕೊಟ್ಟರು. ಬೆಕಿಯನ್ನು ವಿಲನ್ ಮಾಡುವ ಲೆಕ್ಕಾಚಾರ ಅದು. ಜನ ಕೇಳಬೇಕಲ್ಲ! ಹೊಡೆದವಳಿಗೇ ಜೈಕಾರ ಹಾಕಿದರು. ವಾರ ವಾರವೂ ಅದೇ ಕಥೆ. ಕೊನೆಗೆ ಕಥೆ ಬರೆಯುವವರೇ ಜನರ ಹಿಂದೆ ಹೋಗಬೇಕಾಯಿತು.

ಅದೇ ವರ್ಷ ನವೆಂಬರ್ 12ರಂದು ರಿಂಗಿನ ಗದ್ದಲದಲ್ಲಿ ಇನ್ನೊಬ್ಬ ರೆಸ್ಲರ್ ನಯಾ ಜಾಕ್ಸ್ ಬೀಸಿದ ಗುದ್ದು ನಿಜವಾಗಿಯೇ ಮುಖಕ್ಕೆ ಬಿತ್ತು. ಮೂಗು ಮುರಿಯಿತು, ತಲೆಯೂ ಅದುರಿತು. ಆದರೂ ಬೆಕಿ ಕೂರಲಿಲ್ಲ. ಆಟ ಮುಂದುವರಿಸಿ, ಕೊನೆಗೆ ಪ್ರೇಕ್ಷಕರ ಮಧ್ಯೆ ಹೋಗಿ ನಿಂತು ಎರಡೂ ಕೈ ಅಗಲಿಸಿದರು. ಮೂಗಿಂದ ಗಲ್ಲದವರೆಗೆ ರಕ್ತ, ಮುಖದಲ್ಲಿ ನಗು. ಆ ಒಂದು ಫೋಟೊ ಮಾಡಿದ ಕೆಲಸವನ್ನು ಹತ್ತು ಗೆಲುವುಗಳೂ ಮಾಡುತ್ತಿರಲಿಲ್ಲ. ಪೆಟ್ಟಿನಿಂದಾಗಿ ಅದೇ ವಾರ ರೊಂಡಾ ರೌಸಿ ಜೊತೆ ಇದ್ದ ಪಂದ್ಯ ತಪ್ಪಿತು. ಅದಕ್ಕೇ ಜನರ ಆಸೆ ಇನ್ನೂ ಜಾಸ್ತಿಯಾಯಿತು.

2019ರ ಏಪ್ರಿಲ್ 7, ನ್ಯೂಜೆರ್ಸಿಯ ಮೆಟ್‌ಲೈಫ್ ಸ್ಟೇಡಿಯಂ. ಕಂಪನಿಯ ವರ್ಷದ ಅತಿ ದೊಡ್ಡ ಕಾರ್ಯಕ್ರಮ ರೆಸಲ್‌ಮೇನಿಯಾದ ಕೊನೆಯ, ಅಂದರೆ ಮುಖ್ಯ ಪಂದ್ಯ ಹೆಂಗಸರದ್ದಾಗಿದ್ದು ಅದೇ ಮೊದಲು, 35ನೇ ಸಲಕ್ಕೆ. ರೌಸಿ, ಶಾರ್ಲೆಟ್ ಇಬ್ಬರನ್ನೂ ಮೀರಿ ಬೆಕಿ ಎರಡು ಬೆಲ್ಟ್ ಗೆದ್ದರು. ಎದುರಾಳಿಯ ಭುಜಗಳನ್ನು ನೆಲಕ್ಕೆ ಒತ್ತಿ ಹಿಡಿದಾಗ ರೆಫರಿ ಮೂರು ಎಣಿಸಿದರೆ ಗೆಲುವು; ಹಾಗೆ ಎಣಿಸುವಾಗ ರೌಸಿಯ ಭುಜ ಪೂರ್ತಿ ನೆಲಕ್ಕೆ ತಾಗಿರಲಿಲ್ಲ ಅಂತ ಇವತ್ತಿಗೂ ಜಗಳ ಇದೆ. ಬರೆದಿಟ್ಟ ಆಟದಲ್ಲೂ ಹೀಗಾಗುತ್ತೆ, ನೋಡಿ.

ಮರುವರ್ಷ ಮೇ ತಿಂಗಳಲ್ಲಿ, ಕೋವಿಡ್‌ನಿಂದಾಗಿ ಪ್ರೇಕ್ಷಕರೇ ಇಲ್ಲದ ರಿಂಗಿನಲ್ಲಿ, ತಾನು ಬಸುರಿ ಅಂತ ಹೇಳಿ ಬೆಲ್ಟನ್ನು ಇನ್ನೊಬ್ಬ ರೆಸ್ಲರ್ ಅಸುಕಾಗೆ ಬಿಟ್ಟುಕೊಟ್ಟರು. ಡಿಸೆಂಬರಿನಲ್ಲಿ ಮಗಳು ಹುಟ್ಟಿದಳು. 2021ರ ಆಗಸ್ಟ್‌ನಲ್ಲಿ ವಾಪಸ್ ಬಂದು ಬಿಯಾಂಕಾ ಬೆಲೇರ್‌ರನ್ನು 26 ಸೆಕೆಂಡಿನಲ್ಲಿ ಸೋಲಿಸಿದರು. ಇಲ್ಲಿ ಮಾತ್ರ ನಾನು ನಿಮ್ಮ ಪಕ್ಷ. ಬಾಣಂತನ ಮುಗಿಸಿ ಬಂದವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಆಗ ಚೆನ್ನಾಗಿ ಆಡುತ್ತಿದ್ದ ಬಿಯಾಂಕಾರನ್ನು ಅರ್ಧ ನಿಮಿಷದಲ್ಲಿ ಮುಗಿಸಿದ್ದು ಬರೆದವರ ಸೋಮಾರಿತನ. ಜನರಿಗೂ ಸಿಟ್ಟು ಬಂತು.

ಇನ್ನು ನೀವು ಕೆಂಪು ಇಂಕಿನಲ್ಲಿ ಸುತ್ತು ಹಾಕಿ ಕಳಿಸಿದ ಸಾಲು. ಹೌದು, ತಪ್ಪು ನಮ್ಮದೇ. ಮೂಗು ಮುರಿದದ್ದು ರೌಸಿ ಅಂತ ಅಚ್ಚಾಗಿದೆ, ನಯಾ ಜಾಕ್ಸ್ ಅಂತ ಇರಬೇಕಿತ್ತು. ರೆಸ್ಲಿಂಗ್ ನೋಡುವುದೇ ಇಲ್ಲ ಅಂತ ಮೊದಲ ಸಾಲಿನಲ್ಲೇ ಬರೆದ ನಿಮಗೆ ಇದು ಹೇಗೆ ಗೊತ್ತಾಯಿತು, ಮೇಷ್ಟ್ರೇ?

ಸಂಪಾದಕ