ಹನ್ನೊಂದು ಹೋಳುಗಳ ಪೈ ಚಾರ್ಟ್: ತೊಡಕು ಬಣ್ಣದ್ದಲ್ಲ, ಲೆಕ್ಕದ್ದು

ಪ್ರಶ್ನೆ: ನಾನು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಪ್ರೌಢಶಾಲೆಯೊಂದರ ಶಿಕ್ಷಕಿ. ನಮ್ಮ ಮಕ್ಕಳು ಮನೆಮನೆಗೆ ಹೋಗಿ, ಯಾರು ಯಾವ ಬೆಳೆ ಇಡುತ್ತಾರೆಂದು ಕೇಳಿ ಬರೆದುಕೊಂಡು ಬಂದರು. ಗೂಗಲ್ ಶೀಟ್ಸ್‌ನಲ್ಲಿ ಪೈ ಚಾರ್ಟ್ ಮಾಡಿದರೆ ಹನ್ನೊಂದು ಹೋಳುಗಳು ಬರುತ್ತವೆ. ಸಣ್ಣವುಗಳ ಹೆಸರು ಕಾಣುವುದಿಲ್ಲ, ಜೆರಾಕ್ಸ್ ಮಾಡಿಸಿದರೆ ಎಲ್ಲವೂ ಒಂದೇ ಬೂದು. ಸರಿಪಡಿಸುವುದು ಹೇಗೆ?

ಉತ್ತರ: ಬಣ್ಣದ ವಿಚಾರಕ್ಕೆ ಮೊದಲು, ಮಕ್ಕಳು ಕೇಳಿದ ಪ್ರಶ್ನೆಯನ್ನೇ ಒಮ್ಮೆ ನೋಡಬೇಕು. ನಿಮ್ಮ ಕಡೆ ಒಂದೇ ಮನೆಯವರು ರಾಗಿಯನ್ನೂ ಮಾವನ್ನೂ ಟೊಮೆಟೊವನ್ನೂ ಬೆಳೆಯುವುದು ಸಾಮಾನ್ಯವಾದ್ದರಿಂದ ಅಂಥ ಮನೆ ಮೂರು ಬಾರಿ ಎಣಿಕೆಗೆ ಬರುತ್ತದೆ. ಉದಾಹರಣೆಗೆ, 40 ಮನೆಗಳಲ್ಲಿ 30 ಮನೆ ರಾಗಿ, 30 ಮನೆ ಮಾವು, 20 ಮನೆ ಟೊಮೆಟೊ ಎಂದುಕೊಳ್ಳಿ. ಶೀಟ್ಸ್ ಈ ಮೂರನ್ನೂ ಕೂಡಿಸಿ, 80ರಲ್ಲಿ 30 ಎಂದು ಲೆಕ್ಕ ಹಾಕಿ, ರಾಗಿಯ ಹೋಳಿನ ಮೇಲೆ 37.5% ಎಂದು ಬರೆಯುತ್ತದೆ. ನಿಜದಲ್ಲಿ ರಾಗಿ ಬೆಳೆಯುವವರು ಊರಿನ 75% ಮನೆಯವರು. ಇಂಥ ಅಂಕಿಗಳಿಗೆ ಸ್ತಂಭಾಲೇಖವೇ (ಬಾರ್ ಚಾರ್ಟ್) ಸರಿ.

ಪೈ ಚಾರ್ಟೇ ಬೇಕೆಂದರೆ ಮನೆಗಳ ಬದಲು ಜಮೀನನ್ನು, ಅದೂ ಒಂದೇ ಹಂಗಾಮಿನದನ್ನು ಲೆಕ್ಕಕ್ಕೆ ಹಿಡಿಯಿರಿ. ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ ಇದ್ದರೆ ಆ ಜಮೀನನ್ನು ರಾಗಿಯ ಲೆಕ್ಕದಲ್ಲಿ ಒಮ್ಮೆ ಮಾತ್ರ ಸೇರಿಸಿ. ಮಕ್ಕಳು ಒಂದೇ ಕೋಶದಲ್ಲಿ ‘2 ಎಕರೆ 10 ಗುಂಟೆ’ ಎಂದು ತುಂಬಿದರೆ ಶೀಟ್ಸ್ ಅದನ್ನು ಸಂಖ್ಯೆಯೆಂದು ಎಣಿಸುವುದಿಲ್ಲ. ಎಕರೆಗೆ 40 ಗುಂಟೆಯಂತೆ 90 ಎಂದಷ್ಟೇ ಬರೆಯಿಸಿ.

ಇನ್ನು ಹೋಳುಗಳು. ಶೇಕಡಾ ಒಂದಕ್ಕೆ ಸಿಗುವುದು 3.6 ಡಿಗ್ರಿ, ಶೇಕಡಾ ಎರಡರ ಹೋಳಿನೊಳಗೆ ‘ಹಿಪ್ಪುನೇರಳೆ’ ಎಂಬಷ್ಟು ಉದ್ದದ ಹೆಸರು ಹಿಡಿಸುವ ಮಾತೇ ಇಲ್ಲ. ದೊಡ್ಡ ನಾಲ್ಕೈದು ಬೆಳೆಗಳನ್ನು ಉಳಿಸಿಕೊಂಡು ಮಿಕ್ಕವನ್ನು ‘ಇತರೆ’ ಎಂದು ಒಟ್ಟುಗೂಡಿಸಿ. ಶೀಟ್ಸ್ ಸಾಲುಗಳಿರುವ ಕ್ರಮದಲ್ಲೇ ಹೋಳುಗಳನ್ನು ಬಿಡಿಸುವುದರಿಂದ, ಸಾಲುಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, ‘ಇತರೆ’ಯನ್ನು ಎಷ್ಟೇ ದೊಡ್ಡದಿದ್ದರೂ ಕೊನೆಗೆ ಇಡಿ. ಕಸ್ಟಮೈಸ್ ವಿಭಾಗದ ಲೆಜೆಂಡ್‌ನಲ್ಲಿ ‘ಲೇಬಲ್ಡ್’ ಆರಿಸಿದರೆ ಹೆಸರು ಮತ್ತು ಶೇಕಡಾವಾರು ಹೋಳಿನ ಹೊರಗೆ, ಗೆರೆಯೆಳೆದು ತೋರಿಸಿದಂತೆ ಬರುತ್ತವೆ. ಆಗ ಬಣ್ಣ ಹೊಂದಿಸಿ ನೋಡುವ ತಾಪತ್ರಯವೇ ಇರುವುದಿಲ್ಲ, ನಿಮ್ಮ ಜೆರಾಕ್ಸ್ ಸಮಸ್ಯೆಯೂ ಬಹುಮಟ್ಟಿಗೆ ನೀಗುತ್ತದೆ. ಹೋಳುಗಳಿಗೆ ಬಿಳಿ ಅಂಚು ಕೊಟ್ಟು, ಅಕ್ಕಪಕ್ಕದವುಗಳಲ್ಲಿ ಒಂದು ಗಾಢ, ಇನ್ನೊಂದು ತಿಳಿ ಇರುವಂತೆ ನೋಡಿಕೊಳ್ಳಿ.

ಮಕ್ಕಳು ಇಷ್ಟಪಡುವ 3ಡಿ ಬೇಡವೇ ಬೇಡ. ಅದರಲ್ಲಿ ನೋಡುವವರ ಕಡೆಗಿರುವ ಹೋಳು ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಎರಡು ಬೆಳೆಗಳ ಅಳತೆ ತೀರಾ ಹತ್ತಿರವಿದ್ದರೂ ಸ್ತಂಭಾಲೇಖವನ್ನೇ ಬಳಸಿ: ಕೋನಕ್ಕಿಂತ ಒಂದೇ ತಳದಿಂದ ಎದ್ದ ಸ್ತಂಭಗಳನ್ನು ಕಣ್ಣು ಹೆಚ್ಚು ನಿಖರವಾಗಿ ಹೋಲಿಸುತ್ತದೆ ಎಂಬುದನ್ನು ಸಂಖ್ಯಾಶಾಸ್ತ್ರಜ್ಞರಾದ ಕ್ಲೀವ್‌ಲ್ಯಾಂಡ್ ಮತ್ತು ಮೆಗಿಲ್ 1984ರಲ್ಲೇ ಪ್ರಯೋಗಗಳಿಂದ ತೋರಿಸಿದ್ದಾರೆ. ಶೀರ್ಷಿಕೆಯ ಕೆಳಗೆ ಒಟ್ಟು ಗುಂಟೆ, ಹಂಗಾಮು ಮತ್ತು ವರ್ಷವನ್ನು ಬರೆಯಿಸಿ. ಶೇಕಡಾ ಸಂಖ್ಯೆಗಳನ್ನು ಪೂರ್ಣಾಂಕಕ್ಕೆ ತಂದಾಗ ಮೊತ್ತ 99 ಅಥವಾ 101 ಬಂದರೆ ಅದನ್ನೂ ಅಲ್ಲೇ ತಿಳಿಸಿ.